ಸಹಾಯ ಬೇಕು: ಕೊಲೆಸ್ಟ್ರಾಲ್ ಕ್ಯಾಪ್ಸೂಲ್ ತಿಂದ ಮೇಲೆ ತೊಡೆ ನೋವು
ನಮಸ್ಕಾರ, ನಮ್ಮದು ಗಂಗಾವತಿ. ವಯಸ್ಸು 46. ಕೊಲೆಸ್ಟ್ರಾಲ್ ಸ್ವಲ್ಪ ಜಾಸ್ತಿ ಬಂತು ಅಂತ ಡಾಕ್ಟರನ್ನೂ ಕೇಳದೆ ಆನ್‌ಲೈನ್‌ನಲ್ಲಿ ರೆಡ್ ಯೀಸ್ಟ್ ರೈಸ್ (ಹುದುಗಿಸಿ ಕೆಂಪಾದ ಅಕ್ಕಿ) ಕ್ಯಾಪ್ಸೂಲ್ ತರಿಸಿದೆ. ನೋಡೋಣ ಅಂತ ದಿನಕ್ಕೆ 2 ನುಂಗಿದೆ. ಭತ್ತದ ಊರಿನವನು ದುಡ್ಡು ಕೊಟ್ಟು ಅಕ್ಕಿ ಮಾತ್ರೆ ತಿಂದೆ, ನಗಬೇಡಿ.

ಮೂರನೇ ವಾರದಿಂದ ಎರಡೂ ತೊಡೆ ಹಿಂಡಿದ ಹಾಗೆ ನೋವು. ಪೆಟ್ಟು ಬಿದ್ದಿಲ್ಲ, ಜ್ವರ ಇಲ್ಲ. ಶನಿವಾರ ಅಂಜನಾದ್ರಿ ಬೆಟ್ಟ ಹತ್ತುತ್ತಿದ್ದವನನ್ನು ಮೊನ್ನೆ ಊಟದ ತಟ್ಟೆ ಮುಂದಿನಿಂದ ಮಗಳು ಕೈ ಹಿಡಿದು ಎಬ್ಬಿಸಿದಳು.

ಆ ಕ್ಯಾಪ್ಸೂಲ್‌ನಲ್ಲಿರುವ ಮೊನಾಕೋಲಿನ್ ಕೆ ಅಂದರೆ ಕೊಲೆಸ್ಟ್ರಾಲ್ ಇಳಿಸುವ ಲೋವಾಸ್ಟಾಟಿನ್ ಔಷಧಿಯೇ, ಸ್ನಾಯು ನೋವು ತರಬಹುದು ಅಂತ ಈಗ ಓದಿದೆ. ಮೊದಲೇ ಓದಬೇಕಿತ್ತು, ಅಲ್ವಾ? ನಿಲ್ಲಿಸಿ ನಾಲ್ಕು ದಿನ ಆಯಿತು. ಸ್ನಾಯು ತುಂಬಾ ಹಾಳಾದರೆ ಮೂತ್ರ ಕಪ್ಪಾಗಬಹುದಂತೆ, ನನಗೆ ಮೂತ್ರದ ಬಣ್ಣ ಬದಲಾಗಿಲ್ಲ. ನಾಳೆ ಡಬ್ಬಿ ಸಮೇತ ಡಾಕ್ಟರ ಹತ್ತಿರ ಹೋಗುತ್ತೇನೆ.

ಸ್ನಾಯುವಿಗೆ ಹಾನಿ ಆಗಿದೆಯಾ ಅಂತ ನೋಡುವ ಸಿಪಿಕೆ ರಕ್ತ ಪರೀಕ್ಷೆ ಇಲ್ಲೇ ಆಗುತ್ತದಾ, ಕೊಪ್ಪಳಕ್ಕೆ ಹೋಗಬೇಕಾ? ಇದನ್ನು ತಿಂದು ಬಿಟ್ಟವರಿದ್ದರೆ, ನೋವು ಇಳಿಯಲು ಎಷ್ಟು ದಿನ ಹಿಡಿಯಿತು ಹೇಳಿ.