ಅಮೆರಿಕದ ಹಳ್ಳಿ ಕೌಂಟಿಯಲ್ಲಿ ಮನೆ ಸಾಲ, ಕ್ರೆಡಿಟ್ ಸ್ಕೋರ್ ಇಲ್ಲ: ಪಡೆದವರು ಅನುಭವ ಹೇಳಿ

ಕೇಳಿದವರು, ಕ್ಯಾನ್ಸಸ್‌ನಿಂದ

ನಮಸ್ಕಾರ. ನಾವು ಕ್ಯಾನ್ಸಸ್ ರಾಜ್ಯದ ಪಶ್ಚಿಮದಲ್ಲಿ ಒಂದು ಸಣ್ಣ ಊರಿನಲ್ಲಿದ್ದೇವೆ. ನಾಲ್ಕು ಸಾವಿರ ಜನ, ಸುತ್ತ ಗೋಧಿ ಹೊಲ. ನನ್ನ ಹೆಂಡತಿ ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್. ಗ್ರೀನ್ ಕಾರ್ಡ್ ಮೇಲೆ ಬಂದು ಹದಿನಾಲ್ಕು ತಿಂಗಳಾಯಿತು. ನಾನು ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತೇನೆ. ಬಾಡಿಗೆ ಒಂದು ತಿಂಗಳೂ ತಪ್ಪಿಸಿಲ್ಲ. ಸಾಲ ಅಂದರೆ ಭಯ, ಹಾಗಾಗಿ ಕ್ರೆಡಿಟ್ ಕಾರ್ಡ್ ತೆಗೆದುಕೊಂಡಿದ್ದೇ ಮೂರು ತಿಂಗಳ ಹಿಂದೆ. ಈಗ 1,35,000 ಡಾಲರಿಗೆ ಒಂದು ಮನೆ ಮಾರಾಟಕ್ಕಿದೆ. ಇಬ್ಬರು ಸಾಲದವರನ್ನು ಕೇಳಿದೆವು. ಇಬ್ಬರೂ "ನಿಮಗೆ ಸ್ಕೋರೇ ಇಲ್ಲ" ಅಂದು ಮುಗಿಸಿದರು. ಶಿವಮೊಗ್ಗದಿಂದ ಅಪ್ಪ ಸ್ವಲ್ಪ ದುಡ್ಡು ಕಳಿಸುತ್ತೇನೆ ಅನ್ನುತ್ತಿದ್ದಾರೆ. ಇಂಥ ಜಾಗದಲ್ಲಿ ಮನೆ ಸಾಲ ಪಡೆದವರು ಯಾರಾದರೂ ಇದ್ದೀರಾ? ಎಲ್ಲಿಂದ ಶುರು ಮಾಡಬೇಕು?

ನೆಬ್ರಾಸ್ಕಾದಿಂದ

ನಿಮ್ಮ ಮಾತು ಓದಿ ಒಂಬತ್ತು ವರ್ಷದ ಹಿಂದಿನ ನಮ್ಮ ಅಡುಗೆಮನೆ ಟೇಬಲ್ಲು ನೆನಪಾಯಿತು. ನಾನೂ ನರ್ಸ್. ನಾನೂ ಗ್ರೀನ್ ಕಾರ್ಡ್ ಮೇಲೇ ಬಂದವಳು. ಊರಲ್ಲಿ ಬಡ್ಡಿ ಸಾಲ ಮಾಡಿ ಕಷ್ಟಪಟ್ಟವರನ್ನು ನೋಡಿ ಬೆಳೆದವರಿಗೆ ಸಾಲ ಮಾಡದಿರುವುದೇ ಮರ್ಯಾದೆ. ಇಲ್ಲಿ ಸಾಲ ತೀರಿಸಿದ ಗುರುತು ಇಲ್ಲದವರನ್ನು ಕಂಪ್ಯೂಟರ್ ನೋಡುವುದೇ ಇಲ್ಲ.

ಮೊದಲು ಒಂದು ಸಮಾಧಾನದ ವಿಷಯ. ಸ್ಕೋರ್ ಕೆಟ್ಟಿರುವುದು ಬೇರೆ, ಸ್ಕೋರ್ ಹುಟ್ಟದೇ ಇರುವುದು ಬೇರೆ. ಮನೆ ಸಾಲದವರು ಹೆಚ್ಚಾಗಿ ನೋಡುವುದು ಫೈಕೋ ಸ್ಕೋರ್. ಅದು ಹುಟ್ಟಬೇಕಾದರೆ ಕನಿಷ್ಠ ಒಂದು ಖಾತೆಗೆ ಆರು ತಿಂಗಳು ತುಂಬಿರಬೇಕು. ನಿಮ್ಮ ಕಾರ್ಡಿಗೆ ಇನ್ನೂ ಮೂರು. ಅಂದರೆ ನೀವು ತಪ್ಪು ಮಾಡಿಲ್ಲ, ಸಮಯ ಆಗಿಲ್ಲ ಅಷ್ಟೇ. ಫೋನಿನ ಆ್ಯಪ್‌ನಲ್ಲಿ ಏನೋ ಒಂದು ಸ್ಕೋರ್ ಕಾಣಿಸುತ್ತಿದ್ದರೆ ಅದನ್ನು ನಂಬಿಕೊಂಡು ಹೋಗಬೇಡಿ. ಅದು ಸಾಮಾನ್ಯವಾಗಿ ವಾಂಟೇಜ್‌ಸ್ಕೋರ್, ಅದರ ಲೆಕ್ಕ ಬೇರೆ.

ಸ್ಕೋರ್ ಇಲ್ಲದವರ ಕಾಗದವನ್ನು ಮನುಷ್ಯರೇ ಕೂತು ಓದುವ ದಾರಿ ಇದೆ. ಅದಕ್ಕೆ ಮ್ಯಾನುಯಲ್ ಅಂಡರ್‌ರೈಟಿಂಗ್ ಅನ್ನುತ್ತಾರೆ. ಹನ್ನೆರಡು ತಿಂಗಳ ಬಾಡಿಗೆ, ಕರೆಂಟು, ನೀರು, ಫೋನು, ಕಾರಿನ ಇನ್ಶೂರೆನ್ಸ್, ಇವನ್ನು ಸರಿಯಾಗಿ ಕಟ್ಟಿದ ದಾಖಲೆ ಕೊಟ್ಟರೆ ಅದೇ ನಿಮ್ಮ ಚರಿತ್ರೆ. ಎಲ್ಲ ಕಡೆ ಇದನ್ನು ಮಾಡುವುದಿಲ್ಲ, ಕೆಲಸ ಜಾಸ್ತಿ ಅಂತ ಬಹಳ ಜನ ಕೈ ಬಿಡುತ್ತಾರೆ. ಆದ್ದರಿಂದ ಫೋನ್ ಮಾಡಿದ ಕೂಡಲೇ ಕೇಳಬೇಕಾದ ಮೊದಲ ಪ್ರಶ್ನೆ ಬಡ್ಡಿ ಎಷ್ಟು ಅಂತ ಅಲ್ಲ. "ಸ್ಕೋರ್ ಇಲ್ಲದವರ ಫೈಲನ್ನು ನೀವು ಮ್ಯಾನುಯಲ್ ಆಗಿ ನೋಡುತ್ತೀರಾ?" ಅಂತ ಕೇಳಿ. ಇಲ್ಲ ಅಂದರೆ ಥ್ಯಾಂಕ್ಸ್ ಹೇಳಿ ಮುಂದಿನವರಿಗೆ ಫೋನ್ ಮಾಡಿ.

ಈಗ ನಾವು ಎಡವಿದ್ದು. ನಮ್ಮ ಬಾಡಿಗೆ ಮನೆಯ ಮಾಲೀಕರು ವಯಸ್ಸಾದ ರೈತರು, ತುಂಬ ಒಳ್ಳೆಯವರು. ನಗದು ಕೊಟ್ಟರೆ ಅವರಿಗೆ ಸುಲಭ ಅಂತ ಹತ್ತು ತಿಂಗಳು ನಗದೇ ಕೊಟ್ಟೆವು. ಸಾಲದ ಫೈಲ್ ಹಾಕಿದಾಗ ಅವರು ಪ್ರೀತಿಯಿಂದ ಪತ್ರ ಬರೆದುಕೊಟ್ಟರು, "ಇವರು ಒಂದು ದಿನವೂ ತಡ ಮಾಡಿಲ್ಲ" ಅಂತ. ಕಾಗದ ಪರೀಕ್ಷಿಸುವ ಅಂಡರ್‌ರೈಟರ್ ಅದನ್ನು ಓದಿ, "ಪತ್ರ ಸರಿ, ದುಡ್ಡು ಹೋದ ಗುರುತೆಲ್ಲಿ?" ಅಂದರು. ನಮ್ಮ ಹತ್ತಿರ ಇರಲಿಲ್ಲ. ಅಂದು ರಾತ್ರಿ ಅತ್ತಿದ್ದೇನೆ. ಆಮೇಲೆ ಚೆಕ್ಕಿನಲ್ಲಿ ಕೊಡಲು ಶುರು ಮಾಡಿ, ಹನ್ನೆರಡು ಚೆಕ್ಕು ಕ್ಲಿಯರ್ ಆಗುವವರೆಗೆ ಕಾದೆವು. ಪೂರ್ತಿ ಒಂದು ವರ್ಷ. ನೀವು ಬಾಡಿಗೆ ಹೇಗೆ ಕೊಡುತ್ತಿದ್ದೀರಿ ಅಂತ ಬರೆದಿಲ್ಲ. ನಗದಾಗಿದ್ದರೆ ಈ ತಿಂಗಳಿಂದಲೇ ನಿಲ್ಲಿಸಿ.

ನಮ್ಮ ಸಾಲ ಕೊನೆಗೆ ಆಗಿದ್ದು ಯುಎಸ್‌ಡಿಎ ಮೂಲಕ. ಅದು ಕೃಷಿ ಇಲಾಖೆ, ಆದರೆ ರೈತರಿಗೆ ಮಾತ್ರ ಅಲ್ಲ. ಅದರ ರೂರಲ್ ಡೆವಲಪ್‌ಮೆಂಟ್ ವಿಭಾಗ ಹಳ್ಳಿಗಾಡಿನಲ್ಲಿ ಮನೆ ಕೊಳ್ಳುವ ಬೇರೆಯವರಿಗೂ ನೆರವಾಗುತ್ತದೆ. ಅಲ್ಲಿ ಎರಡು ಬಾಗಿಲಿವೆ. ಗ್ಯಾರಂಟಿ ಸಾಲ ಕೊಡುವುದು ಬ್ಯಾಂಕು, ಜಾಮೀನು ಸರ್ಕಾರದ್ದು. ಡೌನ್ ಪೇಮೆಂಟ್ ಬೇಡ. ಗ್ಯಾರಂಟಿ ಶುಲ್ಕ ಸಾಲದ ಶೇ. 1, ಆಮೇಲೆ ವರ್ಷಕ್ಕೆ ಶೇ. 0.35. ನಿಮ್ಮ ಮನೆಗೆ ಲೆಕ್ಕ ಹಾಕಿದರೆ ಮೊದಲಿಗೆ 1,350 ಡಾಲರ್, ಅದನ್ನು ಸಾಲಕ್ಕೇ ಸೇರಿಸಬಹುದು. ಆಮೇಲೆ ತಿಂಗಳಿಗೆ ಸುಮಾರು 40 ಡಾಲರ್. ಮನೆಯಲ್ಲಿರುವ ದುಡಿಯುವ ಎಲ್ಲರ ಆದಾಯ ಸೇರಿಸಿ ಒಂದು ಮಿತಿ ಇರುತ್ತದೆ. 2024ರಲ್ಲಿ ಬಹುತೇಕ ಹಳ್ಳಿ ಕೌಂಟಿಗಳಲ್ಲಿ ನಾಲ್ಕು ಜನರವರೆಗಿನ ಮನೆಗೆ ಅದು 1,12,450 ಡಾಲರ್ ಇತ್ತು. ಈ ಮಿತಿ ಆಗಾಗ ಬದಲಾಗುತ್ತದೆ, ನೋಡಿಕೊಳ್ಳಿ.

ಇನ್ನೊಂದು ನೇರ ಸಾಲ, 502 ಡೈರೆಕ್ಟ್ ಅನ್ನುತ್ತಾರೆ. ಅದನ್ನು ಸರ್ಕಾರದ ಕಚೇರಿಯೇ ಕೊಡುತ್ತದೆ. ಆದಾಯ ಕಡಿಮೆ ಇರುವವರಿಗೆ ಮಾತ್ರ. 33 ವರ್ಷದ ಅವಧಿ, ತೀರಾ ಕಡಿಮೆ ಆದಾಯದವರಿಗೆ 38. ಸಬ್ಸಿಡಿ ಸೇರಿ ಬಡ್ಡಿ ಶೇ. 1ರವರೆಗೂ ಇಳಿಯಬಹುದು. ಆದರೆ ಮುಂದೆ ಮನೆ ಮಾರಿದಾಗ ಆ ಸಬ್ಸಿಡಿಯಲ್ಲಿ ಸ್ವಲ್ಪ ವಾಪಸ್ ಕೊಡಬೇಕಾಗಬಹುದು. ನಿಮ್ಮ ಇಬ್ಬರ ಕೆಲಸ ನೋಡಿದರೆ ಗ್ಯಾರಂಟಿ ಸಾಲವೇ ಸರಿಹೊಂದುತ್ತದೆ ಅನಿಸುತ್ತದೆ. ಗ್ರೀನ್ ಕಾರ್ಡ್ ಇರುವುದರಿಂದ ನಿಮಗೆ ಅಡ್ಡಿ ಇಲ್ಲ.

ಮನೆಯ ಬಗ್ಗೆಯೂ ಒಂದು ಮಾತು. ಊರಿನ ಪೈಪಿನ ನೀರು ಇಲ್ಲದೆ ಬಾವಿ ನೀರಾದರೆ ಮೊದಲು ಪರೀಕ್ಷೆ ಮಾಡಿಸಿ. ಇಲ್ಲಿ ಮೆಕ್ಕೆಜೋಳದ ಹೊಲದ ಗೊಬ್ಬರ ಇಳಿದು ಇಳಿದು ನೀರಿನಲ್ಲಿ ನೈಟ್ರೇಟ್ ಜಾಸ್ತಿ. ಲೀಟರಿಗೆ 10 ಮಿಲಿಗ್ರಾಂ ಮೀರಬಾರದು. ನಾವು ಆಸೆಪಟ್ಟ ಮೊದಲ ಮನೆ ಇದರಲ್ಲೇ ಕೈ ತಪ್ಪಿತು. ಆಗ ನನ್ನ ಮಗು ಆರು ತಿಂಗಳದ್ದು. ಆ ನೀರು ಎಳೆ ಮಕ್ಕಳಿಗೆ ಎಷ್ಟು ಅಪಾಯ ಅಂತ ನರ್ಸ್ ಆಗಿ ನನಗೆ ಗೊತ್ತು. ತಪ್ಪಿದ್ದೇ ಒಳ್ಳೆಯದಾಯಿತು. ಇನ್ನು ಆಲಿಕಲ್ಲು. ನಿಮ್ಮ ಕಡೆಯೂ ನಮ್ಮ ಹಾಗೇ ಬೀಳುತ್ತದೆ. ಛಾವಣಿ ಹಳೆಯದಾದರೆ ಇನ್ಶೂರೆನ್ಸ್ ದುಬಾರಿ, ಅದು ತಿಂಗಳ ಕಂತಿಗೇ ಸೇರುತ್ತದೆ. ಆಫರ್ ಹಾಕುವ ಮೊದಲೇ ಇನ್ಶೂರೆನ್ಸ್ ಎಷ್ಟಾಗುತ್ತದೆ ಕೇಳಿ.

ಅಯೋವಾದಿಂದ

ಮೇಲಿನ ಅಕ್ಕ ಹೇಳಿದ್ದೆಲ್ಲ ಸರಿ. ಗ್ರೀನ್ ಕಾರ್ಡ್ ಇಲ್ಲದವರೂ ಇದನ್ನು ಓದುತ್ತಿರಬಹುದು, ಅವರಿಗಾಗಿ ನನ್ನದು ಸೇರಿಸುತ್ತೇನೆ. ನಾನು ಎಚ್-1ಬಿ, ಅಂದರೆ ಕೆಲಸದ ವೀಸಾದಲ್ಲಿರುವವನು. ನಮಗೆ ಯುಎಸ್‌ಡಿಎ ಸಾಲ ಇಲ್ಲ. ಸರ್ಕಾರ ವಿಮೆ ಕೊಡುವ ಎಫ್‌ಎಚ್‌ಎ ಸಾಲದ ಬಾಗಿಲು ಕೂಡ 2025ರ ಮೇ 25ರಿಂದ ಮುಚ್ಚಿದೆ. ಈಗ ಅದು ಪ್ರಜೆಗಳಿಗೆ ಮತ್ತು ಗ್ರೀನ್ ಕಾರ್ಡ್ ಇರುವವರಿಗೆ ಮಾತ್ರ. ಉಳಿಯುವುದು ಸರ್ಕಾರದ ಜಾಮೀನಿಲ್ಲದ ಸಾಮಾನ್ಯ ಸಾಲ, ಅದಕ್ಕೆ ಕನ್ವೆನ್ಷನಲ್ ಅನ್ನುತ್ತಾರೆ. ಬ್ಯಾಂಕುಗಳಿಂದ ಮನೆ ಸಾಲ ಕೊಳ್ಳುವ ಸಂಸ್ಥೆ ಫ್ಯಾನಿ ಮೇ, ಕಾನೂನುಬದ್ಧ ವೀಸಾದಲ್ಲಿರುವವರ ಸಾಲವನ್ನೂ ಕೊಳ್ಳುತ್ತದೆ, ಹಾಗಾಗಿ ಬ್ಯಾಂಕುಗಳು ಕೊಡುತ್ತವೆ.

ನನಗೆ ಸಾಲ ಕೊಟ್ಟಿದ್ದು ಕೌಂಟಿಯ ಒಂದು ಪುಟ್ಟ ಬ್ಯಾಂಕು. ಹಳ್ಳಿಯ ಬ್ಯಾಂಕುಗಳು ಕೆಲವು ಸಾಲಗಳನ್ನು ಬೇರೆಯವರಿಗೆ ಮಾರದೆ ತಮ್ಮ ಪುಸ್ತಕದಲ್ಲೇ ಇಟ್ಟುಕೊಳ್ಳುತ್ತವೆ. ಪೋರ್ಟ್‌ಫೋಲಿಯೋ ಸಾಲ ಅಂದರೆ ಅದೇ. ಆಗ ನಿಯಮ ಅವರದ್ದೇ. ಸಂಬಳ ಎರಡು ವರ್ಷ ಅವರ ಬ್ಯಾಂಕಿಗೇ ಬರುತ್ತಿತ್ತು, ಮ್ಯಾನೇಜರ್‌ಗೆ ನನ್ನ ಮುಖ ಗೊತ್ತಿತ್ತು. ಇದು ನಮ್ಮ ಊರಿನ ಸೊಸೈಟಿ ಇದ್ದ ಹಾಗೆ. ಆದರೆ ಶೇ. 20 ಕೈಯಿಂದ ಹಾಕಬೇಕಾಯಿತು. ಕಂತು ಮೂವತ್ತು ವರ್ಷದ ಲೆಕ್ಕದಲ್ಲಿದ್ದರೂ ಐದು ವರ್ಷಕ್ಕೆ ಉಳಿದದ್ದೆಲ್ಲ ಒಟ್ಟಿಗೆ ಕಟ್ಟಬೇಕಾದ ಬಲೂನ್ ಸಾಲ. ಅಷ್ಟರಲ್ಲಿ ಸ್ಕೋರ್ ಬೆಳೆಸಿ ಬೇರೆ ಸಾಲಕ್ಕೆ ಬದಲಾಯಿಸಿಕೊಂಡೆ. ಬದಲಾಯಿಸಲು ಆಗದಿದ್ದರೆ ಮನೆಯೇ ಹೋಗುತ್ತಿತ್ತು. "ಬಲೂನ್ ಇದೆಯಾ, ಬಡ್ಡಿ ಯಾವಾಗ ಬದಲಾಗುತ್ತದೆ" ಅಂತ ಸಹಿ ಹಾಕುವ ಮೊದಲು ಕೇಳಲೇಬೇಕು.

ಮಿಸೌರಿಯಿಂದ

ಅಪ್ಪನ ದುಡ್ಡಿನ ಬಗ್ಗೆ ಹೇಳುತ್ತೇನೆ, ಯಾಕೆಂದರೆ ನಮ್ಮ ಫೈಲ್ ಎರಡು ತಿಂಗಳು ನಿಂತಿದ್ದು ಅದರಿಂದಲೇ. ನಮ್ಮ ಅಪ್ಪ ತಿಪಟೂರಿನ ಸೈಟ್ ಮಾರಿ, ನಮಗೆ ಗೊತ್ತಿಲ್ಲದ ಹಾಗೆ ಆರು ಸಲ ಬಿಡಿ ಬಿಡಿಯಾಗಿ ಕಳಿಸಿದರು. ಒಂದೊಂದು ಮೊತ್ತಕ್ಕೂ "ಇದು ಎಲ್ಲಿಂದ ಬಂತು" ಅಂತ ಕೇಳಿದರು. ಒಂದೇ ಸಲ ಕಳಿಸಲಿ. ಅಪ್ಪನ ಖಾತೆಯ ಸ್ಟೇಟ್‌ಮೆಂಟ್, ಬ್ಯಾಂಕಿನ ವರ್ಗಾವಣೆ ಕಾಗದ, ಮಾರಾಟದ ಪತ್ರ ಇದ್ದರೆ ಅದರ ಇಂಗ್ಲಿಷ್ ಅನುವಾದ, ಎಲ್ಲ ಇಟ್ಟುಕೊಳ್ಳಿ. ನಮ್ಮ ಕ್ರಯಪತ್ರ ಪೂರ್ತಿ ಕನ್ನಡದಲ್ಲಿತ್ತು, ಅನುವಾದಕ್ಕೇ ಹತ್ತು ದಿನ ಹೋಯಿತು. ಜೊತೆಗೆ ಗಿಫ್ಟ್ ಲೆಟರ್ ಬೇಕು: ಇದು ಉಡುಗೊರೆ, ವಾಪಸ್ ಕೇಳುವುದಿಲ್ಲ ಅಂತ ಅಪ್ಪನ ಸಹಿ.

ಭಾರತದ ಕಡೆ ಒಬ್ಬರು ವರ್ಷಕ್ಕೆ 2,50,000 ಡಾಲರ್‌ವರೆಗೆ ಕಳಿಸಬಹುದು. 2025ರ ಏಪ್ರಿಲ್‌ನಿಂದ ಹತ್ತು ಲಕ್ಷ ರೂಪಾಯಿ ಮೀರಿದ ಉಡುಗೊರೆ ಮೊತ್ತಕ್ಕೆ ಬ್ಯಾಂಕು ಶೇ. 20 ಟಿಸಿಎಸ್, ಅಂದರೆ ಮುಂಗಡ ತೆರಿಗೆ, ಹಿಡಿಯುತ್ತದೆ. ಅದು ಕಳೆದುಹೋದ ದುಡ್ಡಲ್ಲ, ಅಪ್ಪನ ಆದಾಯ ತೆರಿಗೆ ರಿಟರ್ನ್‌ನಲ್ಲಿ ಸಿಗುತ್ತದೆ. ಆದರೆ ಆ ಮೊತ್ತ ಅಷ್ಟು ದಿನ ಕೈಯಲ್ಲಿರುವುದಿಲ್ಲ, ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ. ಇಲ್ಲಿ ನಿಮಗೆ ಉಡುಗೊರೆಗೆ ತೆರಿಗೆ ಇಲ್ಲ. ವರ್ಷಕ್ಕೆ ಒಂದು ಲಕ್ಷ ಡಾಲರ್ ಮೀರಿದರೆ ಮಾತ್ರ 3520 ಅನ್ನುವ ಫಾರ್ಮ್ ತುಂಬಬೇಕು.

ಗೆಳೆಯರ ಚೀಟಿ ದುಡ್ಡು, ಕೈಸಾಲ ಇವನ್ನು ಉಡುಗೊರೆ ಅಂತ ತೋರಿಸಲು ಹೋಗಬೇಡಿ. ಸುಳ್ಳು ಹೇಳಿದರೆ ಅಪರಾಧ.

ಕೇಳಿದವರು

ನಿಮಗೆಲ್ಲ ಹೇಗೆ ಧನ್ಯವಾದ ಹೇಳಲಿ. ಬಾಡಿಗೆ ಬ್ಯಾಂಕಿನಿಂದಲೇ ಹೋಗುತ್ತಿದೆ, ಹದಿನಾಲ್ಕು ತಿಂಗಳೂ. ಇದು ಇಷ್ಟು ದೊಡ್ಡ ವಿಷಯ ಅಂತ ಗೊತ್ತೇ ಇರಲಿಲ್ಲ. ಎರಡು ಸಂದೇಹ. ಹೆಚ್ಚು ಕಡೆ ಕೇಳಿದರೆ ಸ್ಕೋರ್ ಬೀಳುತ್ತದೆ ಅನ್ನುತ್ತಾರೆ, ನಿಜವಾ? ಹಾಗೇ ನಮ್ಮ ಕಾರು ಹಳೆಯದು. ಚಳಿಗಾಲಕ್ಕೆ ಮುಂಚೆ ಕಂತಿನಲ್ಲಿ ಒಂದು ತೆಗೆದುಕೊಂಡರೆ ಸ್ಕೋರ್‌ಗೂ ಒಳ್ಳೆಯದಾ?

ನೆಬ್ರಾಸ್ಕಾದಿಂದ

ಕಾರು ಬೇಡ! ದಯವಿಟ್ಟು ಮನೆಯ ಕೀಲಿ ಕೈಗೆ ಬರುವವರೆಗೆ ಬೇಡ. ನನ್ನ ಜೊತೆ ಕೆಲಸ ಮಾಡುವ ಒಬ್ಬರು ಕ್ಲೋಸಿಂಗ್‌ಗೆ, ಅಂದರೆ ಮನೆಯ ಕೊನೆಯ ಸಹಿಗೆ, ಹನ್ನೆರಡು ದಿನ ಇರುವಾಗ ಪಿಕಪ್ ಟ್ರಕ್ ತೆಗೆದುಕೊಂಡರು. ತಿಂಗಳ ಕಂತು ಏರಿ, ಆದಾಯಕ್ಕೂ ಸಾಲಕ್ಕೂ ಇರುವ ಲೆಕ್ಕ ತಪ್ಪಿ, ಮನೆ ಸಾಲ ನಿಂತೇ ಹೋಯಿತು. ಹಳೆ ಕಾರಿಗೆ ಬ್ಯಾಟರಿ, ಟೈರ್ ಹಾಕಿಸಿ ಈ ಚಳಿಗಾಲ ದಾಟಿಸಿ. ಈಗಿರುವ ಕಾರ್ಡಿನಲ್ಲಿ ಪೆಟ್ರೋಲ್ ಮಾತ್ರ ಹಾಕಿಸಿ, ಮಿತಿಯ ಹತ್ತರಲ್ಲಿ ಒಂದು ಪಾಲು ದಾಟದ ಹಾಗೆ ನೋಡಿಕೊಂಡು, ಬಿಲ್ ಬಂದ ಕೂಡಲೇ ಪೂರ್ತಿ ಕಟ್ಟಿ. ಇನ್ನು ಮೂರು ತಿಂಗಳಿಗೆ ಸ್ಕೋರ್ ತಾನಾಗಿ ಹುಟ್ಟುತ್ತದೆ.

ಎಷ್ಟು ಕಡೆ ಕೇಳಿದರೂ ಎರಡು ವಾರದೊಳಗೆ ಕೇಳಿ ಮುಗಿಸಿದರೆ, ಮನೆ ಸಾಲದ ವಿಚಾರಣೆಗಳನ್ನು ಒಂದೇ ಅಂತ ಎಣಿಸುತ್ತಾರೆ. ಭಯ ಬೇಡ. ನೀವು ಅರ್ಜಿ ಪೂರ್ತಿ ಹಾಕಿದ ಮೇಲೆ ಯಾರಾದರೂ ಆಗಲ್ಲ ಅಂದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಕೊಡಲೇಬೇಕು, ಕಾನೂನಿದೆ, ಅದಕ್ಕೆ ಮೂವತ್ತು ದಿನದ ಗಡುವೂ ಇದೆ. ಆ ಇಬ್ಬರು ಬಾಯಿಮಾತಲ್ಲೇ ಮುಗಿಸಿದರಲ್ಲ, ನನಗೆ ಬೇಜಾರಾಗಿದ್ದು ಅದಕ್ಕೇ.

ಎಫ್‌ಎಚ್‌ಎ ಕೂಡ ಕೇಳಿಡಿ. ಅದರಲ್ಲಿ ಶೇ. 3.5 ಕೈಯಿಂದ, ನಿಮ್ಮ ಮನೆಗೆ 4,725 ಡಾಲರ್. ಮೊದಲ ವಿಮೆ ಶುಲ್ಕ ಶೇ. 1.75, ಆಮೇಲಿನ ತಿಂಗಳ ವಿಮೆ ಯುಎಸ್‌ಡಿಎಗಿಂತ ಜಾಸ್ತಿ. ಆದರೆ ಸ್ಕೋರ್ ಇಲ್ಲದವರನ್ನು ಅದೂ ಒಪ್ಪುತ್ತದೆ. ಹುಡ್, ಅಂದರೆ ಸರ್ಕಾರದ ವಸತಿ ಇಲಾಖೆಯ ಒಪ್ಪಿಗೆ ಇರುವ ಹೌಸಿಂಗ್ ಕೌನ್ಸೆಲರ್‌ಗಳು ಫೋನಿನಲ್ಲೇ ಸಿಗುತ್ತಾರೆ, ಹಳ್ಳಿಯವರಿಗೆ ಅದು ದೊಡ್ಡ ಅನುಕೂಲ. ನಮ್ಮ ಕಾಗದಗಳನ್ನು ಜೋಡಿಸಿಕೊಟ್ಟಿದ್ದು ಅಂಥವರೇ ಒಬ್ಬರು, ಒಂದು ಪೈಸೆ ತೆಗೆದುಕೊಳ್ಳಲಿಲ್ಲ.

ಅಪ್ರೈಸಲ್‌ಗೆ, ಅಂದರೆ ಮನೆಯ ಬೆಲೆ ಕಟ್ಟುವುದಕ್ಕೆ, ತಡವಾಗುತ್ತದೆ, ಅದಕ್ಕೆ ತಯಾರಿರಿ. ಸುತ್ತ ಇಂಥದ್ದೇ ಮನೆ ಇತ್ತೀಚೆಗೆ ಮಾರಾಟವಾಗಿಲ್ಲದಿದ್ದರೆ ಬೆಲೆ ಹೋಲಿಸಲು ಮೂವತ್ತು ನಲವತ್ತು ಮೈಲಿ ದೂರ ಹೋಗುತ್ತಾರೆ. ಮಾರುವವರಿಗೆ ಇದನ್ನು ಮೊದಲೇ ಹೇಳಿ, ಒಪ್ಪಂದದಲ್ಲಿ ದಿನ ಜಾಸ್ತಿ ಹಾಕಿಸಿಕೊಳ್ಳಿ.

ಕೇಳಿದವರು

ಇವತ್ತು ರಜೆ ಹಾಕಿ ಇಬ್ಬರೂ ಐವತ್ತು ಮೈಲಿ ದೂರದ ರೂರಲ್ ಡೆವಲಪ್‌ಮೆಂಟ್ ಕಚೇರಿಗೆ ಹೋಗಿ ಬಂದೆವು. ಮನೆಯ ವಿಳಾಸ ನಕ್ಷೆಯಲ್ಲಿ ಹಾಕಿ ನೋಡಿದರು, ಅರ್ಹ ಜಾಗ ಅಂತ ಬಂತು. ಗ್ಯಾರಂಟಿ ಸಾಲ ಕೊಡುವ ಮೂವರ ಹೆಸರು ಕೊಟ್ಟಿದ್ದಾರೆ. ಅದರಲ್ಲಿ ಒಬ್ಬರು ಫೋನಿನಲ್ಲಿ "ಹೌದು, ಮ್ಯಾನುಯಲ್ ಆಗಿ ನೋಡುತ್ತೇವೆ" ಅಂದರು. ಆ ಮಾತು ಕೇಳಿ ಹೆಂಡತಿ ನನ್ನ ಕೈ ಹಿಡಿದುಕೊಂಡಳು. ಸೋಮವಾರ ಬಾಡಿಗೆಯ ಹದಿನಾಲ್ಕು ತಿಂಗಳ ಸ್ಟೇಟ್‌ಮೆಂಟ್, ಕರೆಂಟು, ಫೋನು, ಇನ್ಶೂರೆನ್ಸ್ ಬಿಲ್ ಎಲ್ಲ ತೆಗೆದುಕೊಂಡು ಹೋಗುತ್ತಿದ್ದೇವೆ. ಅಪ್ಪನಿಗೂ ಫೋನ್ ಮಾಡಿ, ಒಂದೇ ಸಲ ಕಳಿಸಿ ಅಂತ ಹೇಳಿದ್ದೇನೆ. ಏನಾಯಿತು ಅಂತ ಬಂದು ಬರೆಯುತ್ತೇನೆ.