ಅಪ್‌ಡೇಟ್: ಕುಂಬಳದ ಮಿಡಿ ಉದುರುತ್ತಿದೆ ಅಂದಿದ್ದೆನಲ್ಲ, ಕಾಯಿ ನಿಂತಿದೆ!

ಹಿತ್ತಲಿನ ಸಿಹಿಕುಂಬಳದ ಬಳ್ಳಿ ತುಂಬಾ ಹೂ ಬಿಟ್ಟರೂ ಗೋಲಿ ಗಾತ್ರದ ಮಿಡಿಗಳು ಹಳದಿಯಾಗಿ ಉದುರುತ್ತಿವೆ, ಏನು ಮಾಡಲಿ ಅಂತ ಹೋದ ತಿಂಗಳು ಕೇಳಿದ್ದೆ. ಗೊಬ್ಬರ ಸಾಲದು ಅಂದವರೂ ಇದ್ದರು, ಆದರೆ ಕೈಯಿಂದಲೇ ಪರಾಗ ಮುಟ್ಟಿಸಿ ಅಂದವರ ಮಾತೇ ಸರಿಯಾಯಿತು. ತುಂಬಾ ಥ್ಯಾಂಕ್ಸ್!

ಈ ಹೂವು ಬೆಳಗ್ಗೆ ಅರಳಿ ಬಿಸಿಲೇರುವಷ್ಟರಲ್ಲಿ ಮುದುಡುತ್ತದೆ ಅಲ್ವಾ, ಅದಕ್ಕೇ ಆರೂವರೆಗೆಲ್ಲ ಮೊಮ್ಮಕ್ಕಳಿಬ್ಬರನ್ನೂ ಎಬ್ಬಿಸಿಕೊಂಡು ಹೋದೆ. ಬುಡದಲ್ಲಿ ಪುಟ್ಟ ಕಾಯಿ ಇದ್ದರೆ ಹೆಣ್ಣು, ಬರೀ ಉದ್ದ ತೊಟ್ಟಿದ್ದರೆ ಗಂಡು ಅಂತ ಒಂದು ಸಲ ತೋರಿಸಿದ್ದಷ್ಟೇ, ಆಮೇಲೆ ಅವರೇ ಎಲೆ ಸರಿಸಿ ಸರಿಸಿ ಹುಡುಕಿ "ಅಜ್ಜಿ, ಇಲ್ಲಿ ಬಾ" ಅಂತ ಕೂಗುತ್ತಿದ್ದರು. ಗಂಡು ಹೂವಿನ ಎಸಳು ಕಿತ್ತು, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನೊಳಗೆ ಮೆಲ್ಲಗೆ ಸವರಿದೆವು. ಚಿಕ್ಕವಳು ಉಸಿರು ಬಿಗಿಹಿಡಿದು ಮಾಡಿದಳು, ಮೂಗಿನ ತುದಿಯೆಲ್ಲ ಹಳದಿ.

ಐದರಲ್ಲಿ ಮೂರು ನಿಂತಿವೆ. ಒಂದಂತೂ ತೆಂಗಿನಕಾಯಿಯಷ್ಟಾಗಿದೆ, ಕೊಳೆಯದಿರಲಿ ಅಂತ ಅಡಿಗೆ ಒಣಹುಲ್ಲು ಹಾಸಿದ್ದೇವೆ. ಮಿಕ್ಕ ಗಂಡು ಹೂಗಳನ್ನು ಕಡಲೆಹಿಟ್ಟಿನಲ್ಲಿ ಅದ್ದಿ ಬಜ್ಜಿ ಮಾಡಿದೆ. ತರಕಾರಿ ಅಂದರೆ ಮುಖ ತಿರುಗಿಸುವ ದೊಡ್ಡವನು ನಾಲ್ಕು ತಿಂದ!

ಈಗ ಹೀರೆ ಬಳ್ಳಿಯ ಸರದಿ. ಅದರ ಹೂವು ಸಂಜೆ ಅರಳುತ್ತದೆ, ಸ್ಕೂಲಿಂದ ಬಂದವರು ಬ್ಯಾಗ್ ಎಸೆದು ಸೀದಾ ಹಿತ್ತಲಿಗೇ ಓಡುತ್ತಾರೆ.