ಪ್ರಾಣಿಗಳನ್ನು 'ಡಿಸ್ಟರ್ಬ್' ಮಾಡುವುದಕ್ಕೆ ಕನ್ನಡದಲ್ಲಿ ಏನನ್ನೋಣ?

ನಮಸ್ಕಾರ. ಅಳಿವಿನಂಚಿನ ಪ್ರಾಣಿಗಳನ್ನು ಕಾಯುವ ಕಾನೂನುಗಳ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. ಕೊಲ್ಲುವುದು, ಹಿಡಿಯುವುದು, ಉರುಳು ಒಡ್ಡುವುದು ಇವಕ್ಕೆಲ್ಲ ಪದ ಸಲೀಸಾಗಿ ಸಿಕ್ಕವು. 'ಹರಾಸ್', 'ಡಿಸ್ಟರ್ಬ್' ಇವೆರಡರ ಹತ್ತಿರ ಬಂದು ನಿಂತಿದ್ದೇನೆ.

'ಕಿರುಕುಳ' ಸಾಕಲ್ವಾ ಎನ್ನಬಹುದು. ಆನೆಗೆ ಕಲ್ಲು ಹೊಡೆದರೆ ಅದು ಕಿರುಕುಳವೇ, ತಕರಾರಿಲ್ಲ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಕಲಂ ಅಭಯಾರಣ್ಯದ ಪ್ರಾಣಿಗಳನ್ನು 'ಟೀಸ್' ಮಾಡಬಾರದು ಎನ್ನುತ್ತದೆ. ಅಲ್ಲಿ 'ಕೆಣಕು' ಚೆನ್ನಾಗಿ ಕೂರುತ್ತದೆ. ಆದರೆ ಈ ಎರಡೂ ಪದಗಳಲ್ಲಿ ಬೇಕಂತಲೇ ಮಾಡಿದ್ದು ಎಂಬ ಅರ್ಥ ಇದೆ. ಕಾನೂನು ಅಷ್ಟಕ್ಕೇ ನಿಲ್ಲುವುದಿಲ್ಲ. ಅಮೆರಿಕದ 1973ರ ಅಳಿವಿನಂಚಿನ ಜೀವಿಗಳ ಕಾಯ್ದೆಯಡಿಯ ನಿಯಮಗಳ ಪ್ರಕಾರ ಎಚ್ಚರಗೇಡಿತನವೂ 'ಹರಾಸ್' ಆಗಬಹುದು. ಪ್ರಾಣಿ ಮರಿ ಮಾಡುವುದು, ಮೇಯುವುದು, ಆಸರೆ ಹುಡುಕುವುದು ಕೆಟ್ಟು, ಅದಕ್ಕೆ ಪೆಟ್ಟಾಗುವ ಸಂಭವ ಇದ್ದರೆ ಸಾಕು. ಬ್ರಿಟನ್ನಿನ 1981ರ ವನ್ಯಜೀವಿ ಕಾಯ್ದೆಯಲ್ಲಿ, ಗೂಡಿನಲ್ಲಿರುವ ಅಪರೂಪದ ಹಕ್ಕಿಗಳನ್ನು 'ಡಿಸ್ಟರ್ಬ್' ಮಾಡುವ ವಿಷಯಕ್ಕೆ, ಮೊದಲು 'ಉದ್ದೇಶಪೂರ್ವಕವಾಗಿ' ಎಂದಷ್ಟೇ ಇತ್ತು. 2000ದಲ್ಲಿ ಪರಿಣಾಮದ ಗೊಡವೆಯಿಲ್ಲದೆ ಮಾಡಿದ್ದನ್ನೂ ಸೇರಿಸಿದರು. 'ಸುಮ್ನೆ ಫೋಟೋ ತೆಗೀತಿದ್ದೆ' ಎಂದು ನುಣುಚಿಕೊಳ್ಳುವುದು ಆಗ ಕಷ್ಟವಾಯಿತು.

ಫೋಟೋದ ಮಾತನ್ನೇ ತಗೊಳ್ಳಿ. ರೀವ (ಟರ್ನ್) ಹಕ್ಕಿ ಬರಿಯ ಮರಳದಿಣ್ಣೆ ಮೇಲೆ ಮೊಟ್ಟೆ ಇಡುತ್ತದೆ. ಕ್ಯಾಮೆರಾದವರು ಹತ್ತಿರ ಕೂತರೆ ಎದ್ದು ಮೇಲೆ ಸುತ್ತುತ್ತಾ ಕಿರುಚುತ್ತದೆ, ಇಳಿಯುವುದಿಲ್ಲ. ಕೆಳಗೆ ಮೊಟ್ಟೆ ಬಿಸಿಲಿಗೆ ಕಾಯುತ್ತಿರುತ್ತದೆ. ಯಾರೂ ಗೂಡು ಮುಟ್ಟಿಲ್ಲ, ಸದ್ದು ಮಾಡಿಲ್ಲ. ಇದನ್ನು ಕಿರುಕುಳ ಎಂದರೆ ಓದುಗರು ಒಪ್ಪುತ್ತಾರಾ? (ನಮ್ಮ ಕಾಯ್ದೆಯಲ್ಲಿ ಹಕ್ಕಿಯ ಮೊಟ್ಟೆ, ಗೂಡುಗಳನ್ನು 'ಡಿಸ್ಟರ್ಬ್' ಮಾಡುವುದೂ 'ಬೇಟೆ'ಯ ವ್ಯಾಖ್ಯೆಯೊಳಗೇ ಬರುತ್ತದೆ. ಬಂದೂಕಿಲ್ಲದ ಬೇಟೆ!)

'ಹಾವಳಿ', 'ಕಾಟ', 'ಉಪಟಳ' ಹಾಕೋಣವೆಂದರೆ ಇನ್ನೊಂದು ತಮಾಷೆ. ಆನೆ ಹಾವಳಿ, ಚಿರತೆ ಕಾಟ, ಮಂಗಗಳ ಉಪಟಳ. ಪ್ರಾಣಿ ನಮಗೆ ಕೊಡುವ ತೊಂದರೆಗೇ ಈ ಪದಗಳೆಲ್ಲ ಒಗ್ಗಿಹೋಗಿವೆ. 'ಮನುಷ್ಯರ ಹಾವಳಿ' ಎಂದು ಬರೆದರೆ ಕುಟುಕಿದ ಹಾಗಿರುತ್ತದೆ, ಕಾನೂನಿನ ಮಾತಿನ ಹಾಗಿರುವುದಿಲ್ಲ. 'ತೊಂದರೆ' ತೀರಾ ಸಡಿಲ. ಬಸ್ಸು ತಡವಾದರೂ ತೊಂದರೆಯೇ. 'ಭಂಗ' ಅರ್ಥಕ್ಕೆ ಹತ್ತಿರ, ಆದರೆ ಶಾಂತಿಭಂಗ ಎಂದ ಕೂಡಲೇ ಪೊಲೀಸ್ ಠಾಣೆ ನೆನಪಾಗುತ್ತದೆ.

ನನಗೆ ಹಿಡಿಸಿದ್ದು 'ನೆಮ್ಮದಿಗೆಡಿಸು'. ಹವಾಯಿಯಲ್ಲಿ ಸ್ಪಿನ್ನರ್ ಡಾಲ್ಫಿನ್‌ಗಳು ರಾತ್ರಿಯಿಡೀ ಬೇಟೆಯಾಡಿ ಹಗಲು ದಡದ ಹತ್ತಿರ ದಣಿವಾರಿಸಿಕೊಳ್ಳುತ್ತವೆ. ಜೊತೆಗೆ ಈಜುವ ಆಸೆಯ ಜನ ಆಗಲೇ ನೀರಿಗಿಳಿಯುತ್ತಾರೆ. ಅವು ಅಳಿವಿನಂಚಿನವಲ್ಲ, ಆದರೂ 2021ರಿಂದ ಅವುಗಳ 50 ಗಜದೊಳಗೆ ಹೋಗುವಂತಿಲ್ಲ. ಕೇಡು ಬಗೆಯದವರಿಂದಲೂ ಅವುಗಳ ನೆಮ್ಮದಿ ಕೆಟ್ಟಿತು ಎಂದು ಧೈರ್ಯವಾಗಿ ಬರೆಯಬಹುದು. ತೊಡಕಿರುವುದು ನಾಮಪದದಲ್ಲಿ. 'ನೆಮ್ಮದಿಗೇಡು' ಓಡುತ್ತದಾ? ಕಲಂ ಅಂದಮೇಲೆ ಕೋರ್ಟಿನಲ್ಲಿ ಓದುವಾಗಲೂ ಅದು ನಿಲ್ಲಬೇಕು. ಕಾಡಿನ ಕೆಲಸದವರು, ಹಕ್ಕಿ ನೋಡುವವರು ಇದಕ್ಕೆ ಆಡುಮಾತಿನಲ್ಲಿ ಬೇರೆ ಏನಾದರೂ ಅನ್ನುತ್ತಾರಾ? ಬಲ್ಲವರು ತಿಳಿಸಿ. ಪದದ ಜೊತೆ ಅದನ್ನು ಬಳಸಿದ ಒಂದು ವಾಕ್ಯವನ್ನೂ ಕೊಟ್ಟರೆ ಉಪಕಾರ.